ಬರಿಗೈಯಲ್ಲಿ ಹಾವು ಹಿಡಿಯುವುದನ್ನು ನಾನು ಬಿಟ್ಟ ಕಾರಣ

ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಜಗಲಿಯ ಗೋಡೆಯ ಮೇಲಿದ್ದ ಒಂದು ಫೋಟೋವನ್ನು ಕೆಳಗಿಳಿಸಿದೆ. ಬಣ್ಣ ಒಣಗಿ, ಉಳಿದ ಫೋಟೋಗಳೆಲ್ಲ ತಮ್ಮ ತಮ್ಮ ಮೊಳೆಗೆ ಮರಳಿದ ಮೇಲೂ ಅದೊಂದನ್ನು ಮಾತ್ರ ಮತ್ತೆ ತೂಗುಹಾಕಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಪಕ್ಕದ ಊರಿನ ಮನೆಯೊಂದರ ಅಂಗಳದಲ್ಲಿ ತೆಗೆದ ಚಿತ್ರವದು. ನಾನು ಬಲಗೈಯಲ್ಲಿ ನಾಗರಹಾವಿನ ಬಾಲ ಹಿಡಿದು ನಿಂತಿದ್ದೇನೆ. ಹಾವು ಹೆಡೆ ಬಿಚ್ಚಿ ನನ್ನ ಮೊಣಕಾಲಿನ ಎತ್ತರಕ್ಕೆ ಎದ್ದಿದೆ. ಎದುರಿಗೆ ಅರ್ಧಚಂದ್ರಾಕಾರವಾಗಿ ನಿಂತ ಜನರ ಭುಜಗಳೂ ತಲೆಗಳೂ ಚಿತ್ರದ ಅಂಚಿನಲ್ಲಿ ಕಾಣುತ್ತವೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ ಹಾವಿನ ಹೆಡೆಯನ್ನು ಹೊಗಳುತ್ತಿದ್ದರು, ಆಮೇಲೆ ನನ್ನ ಧೈರ್ಯವನ್ನು. ಯಾರೂ ಗಮನಿಸದ, ನಾನೂ ಬಹಳ ವರ್ಷ ಗಮನಿಸದೇ ಹೋದ ಸಂಗತಿಯೊಂದು ಆ ಚಿತ್ರದಲ್ಲಿದೆ. ನನ್ನ ಕಣ್ಣು ಹಾವಿನ ಮೇಲಿಲ್ಲ, ಜನರ ಮೇಲಿದೆ.

ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಪ್ರೌಢಶಾಲೆಯ ಶಿಕ್ಷಕ. ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಬಿಡುವ ಕೆಲಸವನ್ನು ಊರಿನ ಹಿರಿಯರೊಬ್ಬರಿಂದ ಕಲಿತೆ. ಅವರು ಜೀವಮಾನವಿಡೀ ಬರಿಗೈಯಲ್ಲೇ ಹಿಡಿದವರು. ಆದ್ದರಿಂದ ನಾನೂ ಮೊದಲ ಒಂಬತ್ತು ವರ್ಷ ಹಾಗೆಯೇ ಹಿಡಿದೆ. ವಿಷದ ಹಾವು ಒಮ್ಮೆಯೂ ನನ್ನನ್ನು ಕಚ್ಚಲಿಲ್ಲ. ಆಗ ಅದನ್ನು ನನ್ನ ಪರಿಣತಿ ಎಂದು ತಿಳಿದಿದ್ದೆ. ಊರಿನವರು ಅದಕ್ಕೆ ಬೇರೆ ಹೆಸರು ಕೊಟ್ಟಿದ್ದರು: "ಮೇಷ್ಟ್ರಿಗೆ ನಾಗನ ಅನುಗ್ರಹ ಇದೆ." ನಾಗಬನಕ್ಕೆ ತನು ಎರೆಯುವ, ಆಶ್ಲೇಷ ಬಲಿ ಮಾಡಿಸುವ ಊರಿನಲ್ಲಿ ಇಂಥ ಮಾತು ಕೇಳಿಸಿಕೊಂಡವನ ತಲೆ ತಿರುಗದಿದ್ದರೆ ಆಶ್ಚರ್ಯ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಕಾರಣ ಮತ್ತು ಪರಿಣಾಮಗಳನ್ನು ಬಿಡಿಸಿ ಹೇಳುತ್ತಿದ್ದ ನಾನು ಸಂಜೆ ಆ ಮಾತನ್ನು ಒಮ್ಮೆಯೂ ನಿರಾಕರಿಸಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಬರಿಗೈಯಲ್ಲಿ ಹಿಡಿಯುವವರು ಬಹುಕಾಲ ಬದುಕುಳಿಯುವುದಕ್ಕೆ ಅನುಗ್ರಹಕ್ಕಿಂತ ನಾಗರಹಾವಿನ ಸ್ವಭಾವವೇ ಹೆಚ್ಚಿನ ಕಾರಣ ಎಂದು ಈಗ ನನಗೆ ಅನ್ನಿಸುತ್ತದೆ. ಹೆಡೆ ಬಿಚ್ಚುವುದು ದಾಳಿಯ ಸನ್ನೆಯಲ್ಲ, ದೂರ ಹೋಗು ಎಂಬ ಎಚ್ಚರಿಕೆ. ಎದ್ದು ನಿಂತ ನಾಗರಹಾವು ನೆಲದಿಂದ ಮೇಲೆತ್ತಿದ ಭಾಗದ ಉದ್ದದಷ್ಟೇ ದೂರಕ್ಕೆ, ಅದೂ ಹೆಚ್ಚಾಗಿ ಮುಂದಕ್ಕೂ ಕೆಳಕ್ಕೂ ಬಾಗಿ ಎರಗುತ್ತದೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮೂತಿಯಿಂದ ತಿವಿದು ಹೆದರಿಸುತ್ತದೆ. ಆ ಅಳತೆ ಒಮ್ಮೆ ಕೈಗೆ ಸಿಕ್ಕಿತೆಂದರೆ ಬಾಲ ಹಿಡಿದವನು ಅರ್ಧ ಹೆಜ್ಜೆ ಹಿಂದೆ ಮುಂದೆ ಸರಿಯುತ್ತ ನೋಡುವವರಿಗೆ ನೃತ್ಯದಂತೆ ಕಾಣುವ ಆಟ ಆಡಬಹುದು. ತೊಂದರೆ ಎಂದರೆ, ನಾಗರಹಾವು ಕೊಟ್ಟ ಈ ಧೈರ್ಯವನ್ನು ನಾವು ಕೊಳಕುಮಂಡಲದ ಹತ್ತಿರವೂ ಹೊತ್ತುಕೊಂಡು ಹೋಗುತ್ತೇವೆ. ಅದು ಹೆಡೆ ಬಿಚ್ಚುವುದಿಲ್ಲ. ಕುಕ್ಕರಿನ ಹಬೆಯಂತೆ ಬುಸುಗುಟ್ಟುತ್ತ ದಪ್ಪ ಮೈಯನ್ನು ಸುತ್ತಿಕೊಂಡು ಕುಳಿತಿರುತ್ತದೆ, ಸೋಮಾರಿಯಂತೆ ತೋರುತ್ತದೆ. ಎರಗಿದಾಗ ಮಾತ್ರ ಮನುಷ್ಯನ ಕೈ ಹಿಂದೆ ಸರಿಯುವ ವೇಗ ಅದಕ್ಕೆ ಯಾವ ಲೆಕ್ಕಕ್ಕೂ ಇಲ್ಲ. ಬಾಲ ಹಿಡಿದು ಎತ್ತಿದರೆ ಮೈ ತಿರುಚಿ ತಲೆಯನ್ನು ಕೈಯ ಕಡೆಗೆ ತರಬಲ್ಲದು. ಕುತ್ತಿಗೆ ಹಿಡಿದರಂತೂ ಅಪಾಯ ಇನ್ನೂ ಹತ್ತಿರ, ಏಕೆಂದರೆ ಮಂಡಲ ಜಾತಿಯ ಹಾವುಗಳ ವಿಷದ ಹಲ್ಲುಗಳು ಉದ್ದವಾಗಿಯೂ ಮಡಚಿ ಬಿಚ್ಚುವಂತೆಯೂ ಇರುತ್ತವೆ. ಅವುಗಳಲ್ಲಿ ಕೆಲವು ತಮ್ಮ ಕೆಳದವಡೆಯನ್ನೇ ತೂರಿಸಿಕೊಂಡು ಹಿಡಿದ ಬೆರಳನ್ನು ಚುಚ್ಚಿದ ಉದಾಹರಣೆಗಳಿವೆ.

ಹಿಡಿಯುವ ಗಳಿಗೆಗಿಂತ ಬಿಡುವ ಗಳಿಗೆ ಕೆಟ್ಟದ್ದು ಎಂದು ನನಗೆ ಕಲಿಸಿದ ಅಜ್ಜ ಹೇಳುತ್ತಿದ್ದರು. ಹಾವು ಕೈಯಲ್ಲಿರುವಾಗ ಗಮನವೆಲ್ಲ ಅದರ ಮೇಲಿರುತ್ತದೆ. ಚೀಲಕ್ಕೆ ಇಳಿಸುವಾಗ ಕೆಲಸ ಮುಗಿಯಿತೆಂದು ಮನಸ್ಸು ಸಡಿಲವಾಗುತ್ತದೆ. ಕೇರಳದಲ್ಲಿ ಮನೆಮನೆಗೂ ಪರಿಚಿತರಾದ ವಾವಾ ಸುರೇಶ್ ಅವರಿಗೆ 2022ರ ಜನವರಿ ಕೊನೆಯಲ್ಲಿ ಕೋಟ್ಟಯಂ ಸಮೀಪ ಆದದ್ದು ಇದೇ. ಸಾವಿರಾರು ಹಾವುಗಳನ್ನು ಹಿಡಿದ ಅವರು ನಾಗರಹಾವನ್ನು ಚೀಲದೊಳಗೆ ಸೇರಿಸುತ್ತಿದ್ದಾಗ ಅದು ತೊಡೆಗೆ ಕಚ್ಚಿತು. ಪ್ರಜ್ಞೆ ತಪ್ಪಿದ ಅವರನ್ನು ವೈದ್ಯಕೀಯ ಕಾಲೇಜಿನ ವೈದ್ಯರು ಉಳಿಸಿದರು. ಅವರು ಉಳಿದದ್ದು ಸಂತೋಷದ ಸಂಗತಿ. ಆದರೆ ಆ ದೃಶ್ಯವನ್ನು ಮೊಬೈಲಿನಲ್ಲಿ ಹತ್ತಾರು ಬಾರಿ ನೋಡಿದ ನನಗೆ ಎದ್ದು ಕಂಡದ್ದು ಸುತ್ತಲೂ ನೆರೆದಿದ್ದ ಜನ.

ನನ್ನನ್ನು ಬದಲಿಸಿದ್ದು ಜನರಿಲ್ಲದ ಒಂದು ರಾತ್ರಿ. ಜೂನ್ ತಿಂಗಳ ಮಳೆ, ಕರೆಂಟು ಹೋಗಿತ್ತು. ಎರಡು ಕಿಲೋಮೀಟರ್ ದೂರದ ಮನೆಯೊಂದರ ಬಚ್ಚಲಿನಲ್ಲಿ ಹಾವಿದೆ ಎಂದು ಕರೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಹಂಡೆಯ ಹಿಂದೆ, ಬೂದಿ ಮೆತ್ತಿದ ಮೂಲೆಯಲ್ಲಿ, ಕಪ್ಪು ಮೈಗೆ ಬಿಳಿ ಪಟ್ಟೆಗಳಿದ್ದ ಸಣ್ಣ ಹಾವು ಮುದುಡಿ ಮಲಗಿತ್ತು. ತೋಳದ ಹಾವು ಎಂದು ಮನೆಯವರಿಗೆ ಸಮಾಧಾನ ಹೇಳಿದೆ. ಗೋಡೆಯ ಸಂದಿಗಳಲ್ಲಿ ಹಲ್ಲಿ ಹುಡುಕುವ, ವಿಷವಿಲ್ಲದ, ಮನೆಯೊಳಗೆ ಸಾಮಾನ್ಯವಾಗಿ ಸಿಗುವ ಹಾವದು. ನನ್ನ ಕೈಗೆ ಎಷ್ಟೋ ಸಲ ಕಚ್ಚಿಯೂ ಇತ್ತು. ಮೈಯ ನಡುಭಾಗಕ್ಕೆ ಕೈ ಹಾಕಿ ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಹೊರಗೆ ಬಂದೆ. ಅದು ಕಚ್ಚುವ ಯತ್ನವನ್ನೇ ಮಾಡದೆ ತಲೆಯನ್ನು ಸುರುಳಿಯೊಳಗೆ ಅಡಗಿಸಿಕೊಂಡಿತ್ತು. ಮನೆಯ ಯಜಮಾನರು ಟಾರ್ಚನ್ನು ಹತ್ತಿರ ಹಿಡಿದಾಗ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ, ಆರು ಮೂಲೆಯಾಗಿ ಹೊಳೆದವು. ಪಟ್ಟೆಗಳು ಎರಡೆರಡಾಗಿ ಜೋಡಿಕೊಂಡಿದ್ದವು. ತೋಳದ ಹಾವಿನಲ್ಲಿ ಕತ್ತಿನ ಹತ್ತಿರ ದಟ್ಟವಾಗಿ ಆರಂಭವಾಗಿ ಬಾಲದ ಕಡೆಗೆ ಮಾಸುವ ಪಟ್ಟೆ, ಇಲ್ಲಿ ಕತ್ತಿನ ಬಳಿ ಮಸುಕಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತಿತ್ತು. ನನ್ನ ಅಂಗೈಯಲ್ಲಿದ್ದದ್ದು ಕಟ್ಟುಹಾವು.

ಅದನ್ನು ಹೇಗೆ ಕೆಳಗಿಟ್ಟೆ ಎಂಬುದನ್ನು ವಿವರಿಸಲು ನನಗೆ ಇವತ್ತಿಗೂ ಆಗುವುದಿಲ್ಲ. ಇಟ್ಟೆ, ಅಷ್ಟೆ. ಮನೆಯವರಿಗೆ ಏನೂ ಹೇಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ಬೈಕು ನಿಲ್ಲಿಸಿ, ಮಳೆಯಲ್ಲೇ ಹೆಡ್‌ಲೈಟಿನ ಬೆಳಕಿಗೆ ಅಂಗೈಯನ್ನು ಹಿಡಿದು ಗೀರುಗಳಿವೆಯೇ ಎಂದು ಹುಡುಕಿದೆ, ಏಕೆಂದರೆ ಕಟ್ಟುಹಾವಿನ ಹಲ್ಲು ಚಿಕ್ಕದು, ಕಚ್ಚಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಬಹುಮಟ್ಟಿಗೆ ಕಾಣುವುದಿಲ್ಲ. ನೆಲದ ಮೇಲೆ ಮಲಗಿದವರು ರಾತ್ರಿ ಕಚ್ಚಿಸಿಕೊಂಡು, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾಗದೆ, ಮಾತು ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು ಈ ಹಾವಿನ ಕಡಿತದಲ್ಲಿ. ಆ ರಾತ್ರಿ ನಾನು ಮಲಗಲಿಲ್ಲ. ಹೆಂಡತಿಗೆ ಕಾಣದಂತೆ ಕನ್ನಡಿಯ ಮುಂದೆ ನಿಂತು ಗಂಟೆಗೊಮ್ಮೆ ನನ್ನ ರೆಪ್ಪೆಗಳನ್ನು ನೋಡಿಕೊಂಡೆ. ಆಸ್ಪತ್ರೆಗೆ ಹೋಗಿ ಕೂರಬೇಕಿತ್ತು, ಹೋಗಲಿಲ್ಲ. ಅದಕ್ಕೂ ಕಾರಣ ಅದೇ ಹೆಸರು, ಅದೇ ಅನುಗ್ರಹ.

ಹಾವುಗಳ ಅಧ್ಯಯನವನ್ನೇ ಜೀವನ ಮಾಡಿಕೊಂಡವರಿಗೂ ಇದೇ ತಪ್ಪು ಆಗಿದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಉರಗತಜ್ಞ ಜೋ ಸ್ಲೋವಿನ್ಸ್ಕಿ 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಉತ್ತರ ಮ್ಯಾನ್ಮಾರಿನ ಕಾಡಿನ ಶಿಬಿರದಲ್ಲಿ, ಪಟ್ಟೆಯುಳ್ಳ ವಿಷರಹಿತ ಹಾವಿದೆ ಎಂದು ಕೊಟ್ಟ ಚೀಲಕ್ಕೆ ಕೈ ಹಾಕಿದರು. ಒಳಗಿದ್ದದ್ದು ಕಟ್ಟುಹಾವಿನ ಕುಲಕ್ಕೇ ಸೇರಿದ ಎಳೆಯ ಹಾವು. ಏನಾಯಿತೆಂದು ಅವರಿಗೆ ತಕ್ಷಣ ತಿಳಿಯಿತು, ಸಂಗಡಿಗರು ಗಂಟೆಗಟ್ಟಲೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು, ಹವಾಮಾನ ಕೆಟ್ಟು ನೆರವು ಸಮಯಕ್ಕೆ ಬರಲಿಲ್ಲ, ಮರುದಿನ ತೀರಿಕೊಂಡರು. ಅದಕ್ಕೂ ಮೊದಲು, 1957ರಲ್ಲಿ, ಷಿಕಾಗೋದ ಉರಗತಜ್ಞ ಕಾರ್ಲ್ ಷ್ಮಿಟ್ ತಮ್ಮ ಬಳಿಗೆ ಗುರುತಿಸಲು ಕಳುಹಿಸಿದ ಆಫ್ರಿಕಾದ ಬೂಮ್‌ಸ್ಲ್ಯಾಂಗ್ ಎಂಬ ಎಳೆಯ ಹಾವನ್ನು ಕೈಗೆತ್ತಿಕೊಂಡು ಹೆಬ್ಬೆರಳಿಗೆ ಕಚ್ಚಿಸಿಕೊಂಡರು. ಅದರ ಕಡಿತ ಪ್ರಾಣಕ್ಕೆ ಬರಲಾರದು ಎಂದುಕೊಂಡು ತಮ್ಮ ದೇಹದಲ್ಲಿ ಆಗುತ್ತಿದ್ದ ಬದಲಾವಣೆಗಳನ್ನು ಬರೆದಿಡುತ್ತ ಹೋದರು. ಇಪ್ಪತ್ತನಾಲ್ಕು ಗಂಟೆಗಳೊಳಗೆ ರಕ್ತಸ್ರಾವದಿಂದ ಸತ್ತರು. ಜಗತ್ತಿನಲ್ಲಿ ಹಾವು ಗುರುತಿಸಬಲ್ಲ ಕೆಲವೇ ಮಂದಿಯಲ್ಲಿ ಇಬ್ಬರು ಇವರು. ನಾನು ಬಚ್ಚಲ ಕತ್ತಲೆಯಲ್ಲಿ ಕುಳಿತು ಹಾವು ಗುರುತಿಸುವ ಹೈಸ್ಕೂಲು ಮೇಷ್ಟ್ರು.

ಕಚ್ಚಿದರೆ ಚುಚ್ಚುಮದ್ದಿದೆಯಲ್ಲ ಎಂದು ಹಾವು ಹಿಡಿಯುವ ಹುಡುಗರು ಸಲೀಸಾಗಿ ಹೇಳುತ್ತಾರೆ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಮಾತ್ರ ತಯಾರಾದದ್ದು. ಪಶ್ಚಿಮಘಟ್ಟದ ತೋಟಗಳಲ್ಲಿ ಒಣ ತರಗೆಲೆಯ ನಡುವೆ ಮಲಗುವ, ಮೂತಿ ಮೇಲಕ್ಕೆ ಎತ್ತಿದಂತಿರುವ ಚಿಕ್ಕ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಕಾಳಿಂಗಕ್ಕೂ ಅಷ್ಟೆ. ನಮ್ಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿವರಿಸಿ ನಮ್ಮ ಭಾಷೆಯ ಹೆಸರನ್ನೇ ಅದಕ್ಕೆ ಇಟ್ಟ ತಂಡದ ಗೌರಿಶಂಕರ್ ಸ್ವತಃ ಕಾಳಿಂಗದ ಕಡಿತದಿಂದ ಪಾರಾಗಿ ಬಂದವರು. ಆಗುಂಬೆ ಸುತ್ತಮುತ್ತ ಹತ್ತು ಹನ್ನೆರಡು ಅಡಿಯ ಕಾಳಿಂಗವನ್ನು ಬಾಲ ಹಿಡಿದು ಎಳೆಯುವ ವಿಡಿಯೋಗಳನ್ನು ನೋಡುವಾಗ, ಆ ಕೈಗೆ ಕಡಿತವಾದರೆ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಅದಕ್ಕೆ ಮದ್ದೇ ಇಲ್ಲ ಎಂಬುದು ನೋಡುವವರಿಗಿರಲಿ, ಎಳೆಯುವವರಿಗಾದರೂ ಗೊತ್ತಿದೆಯೇ ಎಂದು ಅನುಮಾನವಾಗುತ್ತದೆ.

ಮದ್ದು ನಾಟುವ ಹಾವುಗಳಲ್ಲೂ ವಿಷಯ ಸರಳವಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನು ಕೆಡಿಸಿಬಿಟ್ಟ ಮೇಲೆ ಪ್ರತಿವಿಷ ಅದನ್ನು ಸರಿಪಡಿಸಲಾರದು. ನರ ತಾನಾಗಿ ಚಿಗುರುವವರೆಗೆ ದಿನಗಟ್ಟಲೆ ವೆಂಟಿಲೇಟರ್ ಬೇಕು. ಕೊಳಕುಮಂಡಲದ ಕಡಿತದಲ್ಲಿ ರಕ್ತ ಹೆಪ್ಪುಗಟ್ಟುವುದು ನಿಂತು ಮೂತ್ರಪಿಂಡ ಸೋಲುತ್ತದೆ; ಬದುಕಿದವರೂ ಡಯಾಲಿಸಿಸ್‌ಗೆ ಅಲೆಯುವುದನ್ನು ಕಂಡಿದ್ದೇನೆ. ನಾಗರಹಾವು ಕಚ್ಚಿದ ಬೆರಳು ಕೊಳೆತು ಕತ್ತರಿಸಬೇಕಾಗಿ ಬರುವುದುಂಟು. ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಮತ್ತೆ ಮತ್ತೆ ಕಚ್ಚಿಸಿಕೊಂಡವನ ಮೈ ವಿಷಕ್ಕೆ ಪಳಗುತ್ತದೆ ಎಂಬ ನಂಬಿಕೆ ನಮ್ಮ ನಡುವೆ ಬಲವಾಗಿದೆ. ವಾಸ್ತವದಲ್ಲಿ ಪದೇ ಪದೇ ವಿಷದ ಸಂಪರ್ಕಕ್ಕೆ ಬಂದವರಲ್ಲಿ ವಿಷಕ್ಕೇ ಅಲರ್ಜಿ ಬೆಳೆದು, ಸಣ್ಣ ಕಡಿತವೂ ನಿಮಿಷಗಳಲ್ಲಿ ಮಾರಕವಾಗಬಹುದು.

ಇಷ್ಟೂ ಹಿಡಿಯುವವನ ಪ್ರಾಣದ ಮಾತು. ಅವನ ಪ್ರಾಣ ಅವನದು ಎಂದು ಕೆಲವರು ವಾದಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಬಹುತೇಕರು ಹಳ್ಳಿಯವರು: ಗದ್ದೆಯಲ್ಲಿ ಕಳೆ ಕೀಳುವವರು, ಸೌದೆ ಒಟ್ಟುವವರು, ಕತ್ತಲೆಯಲ್ಲಿ ನೀರು ಕಟ್ಟಲು ಹೋದವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದು ಈ ಜನರ ಸಾವು ಲೆಕ್ಕಕ್ಕಾದರೂ ಸಿಗಲಿ ಎಂದು. ಒಬ್ಬ ರೋಗಿಗೆ ಮೊದಲ ಹಂತದಲ್ಲೇ ಹತ್ತು ಬಾಟಲಿಯಷ್ಟು ಪ್ರತಿವಿಷ ಬೇಕಾಗುತ್ತದೆ. ಅಂಗಳದಲ್ಲಿ ಹಾವಾಡಿಸಲು ಹೋಗಿ ಕಚ್ಚಿಸಿಕೊಂಡ ನನ್ನಂಥವನು ಬಳಸುವ ಆ ಹತ್ತು ಬಾಟಲಿ, ಅದೇ ರಾತ್ರಿ ಗದ್ದೆಯಿಂದ ಹೊತ್ತು ತಂದ ಹೆಂಗಸಿಗೆ ಇಲ್ಲವಾಗಬಹುದು. ಈ ಲೆಕ್ಕ ಹೊಳೆದ ಮೇಲೆ ಧೈರ್ಯ ಎಂಬ ಪದವನ್ನು ನನ್ನ ಬಗ್ಗೆ ಯಾರಾದರೂ ಬಳಸಿದರೆ ಮುಜುಗರವಾಗುತ್ತದೆ.

ಆ ಪ್ರತಿವಿಷದ ಮೂಲವೂ ಬರಿಗೈಯವರೇ ಅಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು, ಪ್ರಶ್ನೆ ನ್ಯಾಯವಾದದ್ದು. ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವೇ ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತ ಬಂದಿದೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರು ಸರ್ಕಾರದ ಅನುಮತಿಯ ಮೇರೆಗೆ, ಇಂತಿಷ್ಟೇ ಎಂಬ ಮಿತಿಯಲ್ಲಿ ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಅದೇ ಹಾವು ಬೇಗ ಮತ್ತೆ ಸಿಕ್ಕರೆ ತಿಳಿಯಲೆಂದು ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ ಬಿಟ್ಟುಬಿಡುತ್ತಾರೆ. ಹರಿದ ಜಾಡು, ಪೊರೆ, ಬಿಲದ ಬಾಯಿಯ ಮಣ್ಣು ನೋಡಿ ಹಾವನ್ನು ಓದುವ ಅವರ ವಿದ್ಯೆಗೂ ನನ್ನ ಬಾಲ ಹಿಡಿಯುವ ವಿದ್ಯೆಗೂ ಹೋಲಿಕೆಯಿಲ್ಲ. ಅವರಿಗೂ ಅಪಾಯ ತಪ್ಪಿದ್ದಲ್ಲ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಬೇಲಿಯಂಚಿನ ಬಿಲದ ಮುಂದೆ ಕುಳಿತ ಇರುಳನ ಎದುರು ಪ್ರೇಕ್ಷಕರಿರುವುದಿಲ್ಲ. ಕೈ ಬರಿದಾಗಿದೆಯೇ ಎಂಬುದಕ್ಕಿಂತ ಕೈ ಯಾರಿಗಾಗಿ ಆಡುತ್ತಿದೆ ಎಂಬುದು ನನಗೆ ಮುಖ್ಯವಾಗಿ ಕಾಣುವುದು ಇಲ್ಲಿಯೇ.

ಇನ್ನು ಹಾವಿನ ಪಾಡು. ಬಾಲದಿಂದ ತೂಗಾಡಿಸಿದ ಹಾವಿನ ಬೆನ್ನೆಲುಬಿಗೆ ಪೆಟ್ಟಾಗಬಹುದು. ಆಗಷ್ಟೇ ಇಲಿಯನ್ನೋ ಕಪ್ಪೆಯನ್ನೋ ನುಂಗಿದ್ದರೆ ಗಾಬರಿಯಲ್ಲಿ ಕಾರಿಕೊಂಡು ವಾರದ ಊಟ ಕಳೆದುಕೊಳ್ಳುತ್ತದೆ. ಹೆಡೆಗೆ ಮುತ್ತಿಡುವ, ಮಕ್ಕಳ ಕೊರಳಿಗೆ ಹಾಕುವ ಹುಚ್ಚಾಟಗಳನ್ನು ಉರಗ ಪ್ರೇಮ ಎಂದು ಕರೆಯುವುದು ನನಗೆ ಅರ್ಥವಾಗದು; ಹಾವಿಗೆ ಆ ಪ್ರೇಮ ತಲುಪುವುದು ಪ್ರಾಣಭಯವಾಗಿ. ಕಾನೂನಿನ ದೃಷ್ಟಿಯಲ್ಲೂ ನಾವು ಗಟ್ಟಿ ನೆಲದಲ್ಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆಯೊಳಗೆ ಕೊಲ್ಲುವುದರ ಜೊತೆಗೆ ಹಿಡಿಯುವುದೂ ಸೇರಿದೆ. ಆದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ನಾಗರಹಾವು ಹಿಡಿದು ಫೋಟೋ ತೆಗೆಸಿಕೊಂಡ ನಾನು ಆ ಹೊತ್ತಿಗೆ ರಕ್ಷಕನೆಂದು ಬೀಗುತ್ತಿದ್ದ ಬೇಟೆಗಾರ. ಕೇರಳದ ಅರಣ್ಯ ಇಲಾಖೆ 2020ರಿಂದ ತರಬೇತಿ ಪಡೆದವರಿಗೆ ಪರವಾನಗಿ ಕೊಟ್ಟು, ಸರ್ಪ ಎಂಬ ಆ್ಯಪ್ ಮೂಲಕ ಹತ್ತಿರದ ರಕ್ಷಕರನ್ನು ಜನರಿಗೆ ತಲುಪಿಸುತ್ತಿದೆ. ನಮ್ಮಲ್ಲಿ ಹಾವು ಹಿಡಿಯುವವನನ್ನು ಹುಡುಕುವುದು ಇಂದಿಗೂ ಬಹುಮಟ್ಟಿಗೆ ಚಹಾದಂಗಡಿಯ ಗೋಡೆಯ ಮೇಲೆ ಬರೆದ ಫೋನ್ ನಂಬರಿನಿಂದ.

2022ರ ಮಾರ್ಚ್‌ನಲ್ಲಿ ಶಿರಸಿಯ ಯುವಕನೊಬ್ಬ ಹೆಡೆಯೆತ್ತಿದ ಮೂರು ನಾಗರಹಾವುಗಳ ಮುಂದೆ ಕುಳಿತು ಕೈಕಾಲು ಆಡಿಸುತ್ತಿದ್ದಾಗ ಒಂದು ಹಾವು ಎರಗಿ ಕಾಲಿಗೆ ಕಚ್ಚಿದ ವಿಡಿಯೋ ದೇಶವೆಲ್ಲ ಸುತ್ತಿತು. ಜನ ಅವನನ್ನು ಮೂರ್ಖನೆಂದು ಬೈದರು. ಮರುವಾರ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗರಿಬ್ಬರು ಆಟದ ಮೈದಾನದ ಅಂಚಿನಲ್ಲಿ ಕೇರೆ ಹಾವನ್ನು ಬಾಲ ಹಿಡಿದು ಕುಣಿಸುತ್ತ, ಮೂರನೆಯವನು ಅದನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದುದನ್ನು ಕಂಡೆ. ಗದರಿಸಿ, ಶಿರಸಿಯ ವಿಡಿಯೋ ನೋಡಿಯೂ ಬುದ್ಧಿ ಬರಲಿಲ್ಲವೇ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: "ಅದನ್ನ ನೋಡಿ ಅಲ್ಲ ಸಾರ್. ನಿಮ್ಮ ಮನೆ ಜಗಲಿ ಫೋಟೋ ನೋಡಿ."

ಈಗ ನನ್ನ ಚೀಲದಲ್ಲಿ ಇರುವುದು ಒಂದು ಕೊಕ್ಕೆಕೋಲು, ಒಂದೂವರೆ ಅಡಿ ಉದ್ದದ ಪಿವಿಸಿ ಪೈಪು, ಅದರ ತುದಿಗೆ ಬಿಗಿಯಾಗಿ ಕಟ್ಟುವ ಕಪ್ಪು ಬಟ್ಟೆಯ ಚೀಲ, ಎರಡು ಟಾರ್ಚು, ಮೊಣಕಾಲುದ್ದದ ಬೂಟು. ಇಕ್ಕಳದಂಥ ಸಾಧನ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಗಾಬರಿಯಲ್ಲಿ ಬಿಗಿ ಹಿಡಿದರೆ ಹಾವಿನ ಪಕ್ಕೆಲುಬು ಮುರಿಯುತ್ತದೆ ಎಂದು ಅದನ್ನು ಬಿಟ್ಟಿದ್ದೇನೆ. ಗೋಡೆಯ ಮೂಲೆಗೆ ಪೈಪಿನ ಬಾಯಿ ಇಟ್ಟು, ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿ, ಎರಡು ಹೆಜ್ಜೆ ಹಿಂದೆ ನಿಂತರೆ ಹಾವು ಆ ಕತ್ತಲೆಯ ತೂತನ್ನು ಬಿಲವೆಂದುಕೊಂಡು ತಾನಾಗಿ ಒಳಗೆ ನುಸುಳುತ್ತದೆ. ಕೆಲವೊಮ್ಮೆ ಎರಡು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ಅದಕ್ಕೆ ಮೊದಲು ಮನೆಯವರೊಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ರಸ್ತೆಗೆ ಕಳುಹಿಸುತ್ತೇನೆ, ಮೊಬೈಲುಗಳನ್ನು ಜೇಬಿಗೆ ಹಾಕಿಸುತ್ತೇನೆ. ಇದರಿಂದ ಊರಿನಲ್ಲಿ ನನ್ನ ಬೆಲೆ ಇಳಿದಿರುವುದು ನಿಜ. ಎಷ್ಟೋ ಜನ ಈಗ ನನ್ನನ್ನು ಬಿಟ್ಟು, ಕೈಯಲ್ಲೇ ಹಿಡಿಯುವ ಪಕ್ಕದ ಊರಿನ ಹುಡುಗನನ್ನು ಕರೆಯುತ್ತಾರೆ. ಅವನೊಂದಿಗೆ ಎರಡು ಬಾರಿ ಮಾತಾಡಿದೆ. "ನೀವು ಮಾಡಿದ್ದನ್ನೇ ಮಾಡ್ತಿದೀನಿ ಮೇಷ್ಟ್ರೇ" ಎಂದು ನಗುತ್ತಾನೆ. ಉತ್ತರ ಕೊಡಲಾಗದೆ ಬಂದಿದ್ದೇನೆ. ಹೆಚ್ಚುವರಿಯಾಗಿ ಹೊಲಿಸಿದ್ದ ಒಂದು ಬಟ್ಟೆಚೀಲವನ್ನೂ ಪೈಪನ್ನೂ ಎರಡನೆಯ ಬಾರಿ ಅವನ ಬೈಕಿನ ಪೆಟ್ಟಿಗೆಯಲ್ಲಿ ಇಟ್ಟು ಬಂದೆ.

ಮೊನ್ನೆ ಕೊಟ್ಟಿಗೆಯೊಂದರಿಂದ ದೊಡ್ಡ ನಾಗರಹಾವನ್ನು ಹೀಗೆಯೇ ಚೀಲಕ್ಕೆ ಇಳಿಸಿ, ಅದೇ ತೋಟದ ಕೆಳಗಿನ ಹಳ್ಳದ ಅಂಚಿನಲ್ಲಿ ಬಿಟ್ಟೆ. ದೂರದ ಕಾಡಿಗೆ ಒಯ್ದರೆ ನೀರು, ಬಿಲ, ಆಹಾರ ಯಾವುದೂ ಗೊತ್ತಿಲ್ಲದ ಜಾಗದಲ್ಲಿ ಹಾವು ದಿಕ್ಕುಗೆಟ್ಟು ಅಲೆಯುತ್ತದೆ ಎಂದು ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ಒಪ್ಪಿದಂತೆ ತಲೆಯಾಡಿಸಿದರು. ಹಾವು ಪೈಪಿಗೆ ನುಸುಳಿದ್ದನ್ನು ಇಡೀ ಹೊತ್ತು ನೋಡುತ್ತಿದ್ದ ಅವರ ಮೊಮ್ಮಗಳು ಮಾತ್ರ "ಇಷ್ಟೇನಾ?" ಎಂದು ಕೇಳಿ ಒಳಗೆ ಹೋದಳು. ಯಜಮಾನರು ಈಗ ದಿನ ಬಿಟ್ಟು ದಿನ ಫೋನು ಮಾಡಿ ಹಾವು ಮತ್ತೆ ಬಂದರೆ ಏನು ಮಾಡಲಿ ಎಂದು ವಿಚಾರಿಸುತ್ತಾರೆ. ಸೌದೆಯ ರಾಶಿಯನ್ನು ಕೊಟ್ಟಿಗೆಯಿಂದ ದೂರ ಸರಿಸಿ, ಇಲಿಯ ಬಿಲ ಮುಚ್ಚಿ ಎಂದು ನಾನೂ ದಿನ ಬಿಟ್ಟು ದಿನ ಹೇಳುತ್ತಿದ್ದೇನೆ. ಸೌದೆ ಇನ್ನೂ ಅಲ್ಲೇ ಇದೆ.